ಗುಳಬಾವಿಯ ಯುವರಾಜ ಯಲ್ಲಕ್ಕ

ಗಲಗಲಿಯ ಹೊಳೆದಂಡೆಯಲ್ಲಿ ಬದನೆ, ಮೆಣಸಿನಕಾಯಿ ಬೆಳೆದು ಸಂತೆಗೆ ಒಯ್ಯುವ ಯಲ್ಲಕ್ಕನಿಗೆ ಈಗ ಅರವತ್ತು ವರ್ಷ. ಗಂಡ ಇದ್ದಾನೆ, ಮೂವರು ಮೊಮ್ಮಕ್ಕಳಿದ್ದಾರೆ, ಎಡಮೊಣಕಾಲಿನ ನೋವೂ ಇದೆ. ಇದೆಲ್ಲದರ ಜೊತೆಗೆ ಆಕೆ ಯುವರಾಜ. ನಗಬೇಡಿ, ನಗುವಷ್ಟನ್ನು ಊರು ಎಂದೋ ನಕ್ಕು ಮುಗಿಸಿದೆ. ಡೊಳ್ಳು ಬಾರಿಸಿ, ಅರಿಶಿನದ ಭಂಡಾರ ಎರಚಿ, ಮುನ್ನೂರು ಜನರ ಮುಂದೆ ಮೂರು ಸಲ ಕೂಗಿ ಕೊಟ್ಟ ಬಿರುದು ಅದು.

ಬಿರುದು ಬಂದದ್ದು ಆಕೆಯ ತವರೂರು ಗುಳಬಾವಿಯಿಂದ. ಲೋಕಾಪುರದಲ್ಲಿ ಟಂಟಂ ಆಟೊ ಹತ್ತಿದರೆ ಅರ್ಧ ತಾಸಿನ ಹಾದಿ. ಅಲ್ಲಿನ ದೇಸಾಯರದು ಹನ್ನೊಂದು ಹಳ್ಳಿಯ ಸಣ್ಣ ದೇಸಗತಿ. ದೊಡ್ಡ ಅರಸರು ತಾವು ಬದುಕಿರುವಾಗಲೇ ಹಿರಿಮಗನಿಗೆ ಯುವರಾಜ ಪಟ್ಟ ಕಟ್ಟುತ್ತಿದ್ದರು. ಅಪ್ಪ ಕಣ್ಣು ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಕತ್ತಿ ಹಿರಿಯಬಾರದು ಎಂಬ ಮುಂದಾಲೋಚನೆ ಅದು. ಗುಳಬಾವಿಯಲ್ಲಿ ಹಿರಿಯುವುದಕ್ಕೆ ಇದ್ದದ್ದೇ ಒಂದು ಕತ್ತಿ, ಅದಕ್ಕೂ ತುಕ್ಕು. ಹಾಗಾಗಿ ಅಲ್ಲಿ ಹಿರಿಮಗನಿಗೆ ಬಹುಕಾಲ ಬರೀ 'ಚಿಕ್ಕ ದೇಸಾಯಿ' ಎನ್ನುತ್ತಿದ್ದರು. ನಾಲ್ಕು ತಲೆಮಾರಿನ ಹಿಂದಿನ ದೇಸಾಯರೊಬ್ಬರು ದೊಡ್ಡ ಸಂಸ್ಥಾನವೊಂದರ ದರ್ಬಾರಿಗೆ ಹೋದರು. ಜರಿ ರುಮಾಲು ಸುತ್ತಿದ ಏಳು ವರ್ಷದ ಪೋರ ಒಳಗೆ ಬಂದದ್ದೇ ತಡ, ಬಿಳಿಮೀಸೆಯ ಸರದಾರರೆಲ್ಲ ಎದ್ದು ನಿಂತದ್ದನ್ನು ಕಂಡರು. ಊರಿಗೆ ಬಂದವರೇ 'ಇನ್ನು ಮುಂದೆ ನಮ್ಮ ಮನೆಯ ಹಿರಿಮಗನೂ ಯುವರಾಜನೇ' ಎಂದು ಸಾರಿದರು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂದು ಜನ ಸೆರಗಿನ ಮರೆಯಲ್ಲಿ ನಕ್ಕರು, ಎದುರಿಗೆ ಕೈಮುಗಿದರು.

ಹೆಸರು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಹಿಂದೆ ಯಾವಾಗಲೋ ದಂಡು ಬಂದು ವಾಡೆಯನ್ನು, ಎಂದರೆ ದೇಸಾಯರ ಕೋಟೆಮನೆಯನ್ನು, ಸುಟ್ಟಾಗ, ಬೀರೇಶ್ವರನ ಒಕ್ಕಲಿನ ಕುರುಬನೊಬ್ಬ ದೇಸಾಯರ ಕೂಸನ್ನು ತನ್ನ ಕರಿಕಂಬಳಿಯಲ್ಲಿ ಮುಚ್ಚಿ, ಕುರಿಗಳ ನಡುವೆ ಮಲಗಿಸಿ ಉಳಿಸಿದನಂತೆ. ಅಂದಿನಿಂದ ವಾಡೆಯ ಹಿರಿಮಗ ಮೊದಲು ಕೂರಬೇಕಾದದ್ದು ಆ ಕುರುಬನ ಮನೆತನದವರು ಹಾಸಿದ ಕಂಬಳಿಯ ಮೇಲೆ. ಬಿರುದು ಕೂಗಬೇಕಾದವರೂ ಅವರೇ. ಅದಕ್ಕೆ 'ಕಂಬಳಿ ಮಾನ' ಎಂದು ಹೆಸರು. ಕೂಗುವವರೆಗೆ ಮಗುವಿಗೆ ದೃಷ್ಟಿ ತಾಗಬಾರದೆಂದು ಕಂಬಳಿಯ ಸುತ್ತ ಪರದೆ ಕಟ್ಟುತ್ತಾರೆ. ಕೂಗುವವನು ಕಂಬಳಿ ಕೊಪ್ಪೆ ಹೊದ್ದು, ಕಣ್ಣು ನೆಲಕ್ಕೆ ಹಾಕಿ ನಿಲ್ಲಬೇಕು. ಡೊಳ್ಳು ನಿಂತ ಕೂಡಲೆ ಪರದೆಯ ಅಂಚನ್ನು ಗೇಣುದ್ದ ಎತ್ತಿ, ಒಳಗೆ ಎರಡು ಕಾಲು ಕಂಡರೆ ಮೂರು ಸಲ 'ಯುವರಾಜ' ಎಂದು ಕೂಗಿ ಭಂಡಾರ ಎರಚಬೇಕು. ಹೆಸರು ಹೇಳುವಂತಿಲ್ಲ, ಮುಖ ನೋಡುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಪೀಳಿಗೆಗೆ ಒಂದೇ ಕೂಗು.

ಐವತ್ತೈದು ವರ್ಷದ ಹಿಂದೆ ದೇಸಾಯರ ಹಿರಿಮಗ ಚಿದಾನಂದನಿಗೆ ಒಂಬತ್ತು ತುಂಬಿದಾಗ ಈ ಕೂಗಿನ ಸರದಿ ಅದೇ ಕುರುಬ ಮನೆತನದ ಯಲ್ಲಕ್ಕನ ಮನೆಗೆ ಬಂತು. ಅಪ್ಪ ಎದೆನೋವಿನಿಂದ ಹಾಸಿಗೆ ಹಿಡಿದಿದ್ದ. ಹತ್ತೊಂಬತ್ತರ ಅಣ್ಣ ಸಾಬಣ್ಣ ಕೊಪ್ಪೆ ಹೊದ್ದು ಹೊರಟ. ಕಂಬಳಿಯ ಒಂದು ತುದಿ ಹಿಡಿದುಕೊಂಡು ಐದು ವರ್ಷದ ಯಲ್ಲಕ್ಕನೂ ಬೆನ್ನು ಹತ್ತಿದಳು.

ಆಮೇಲೆ ನಡೆದದ್ದರಲ್ಲಿ ಅರ್ಧ ಊರಿಗೆಲ್ಲ ಗೊತ್ತು. ಡೊಳ್ಳು ನಿಂತಿತು, ಸಾಬಣ್ಣ ಪರದೆಯ ಅಂಚು ಎತ್ತಿದ, ಎದೆ ಬಿರಿಯುವಂತೆ ಮೂರು ಸಲ ಕೂಗಿದ. ಭಂಡಾರದ ಹಳದಿ ಮುಗಿಲು ಇಳಿದು ಪರದೆ ಸರಿದಾಗ ಕಂಬಳಿಯ ಮೇಲೆ ಕೂತಿದ್ದವಳು ಯಲ್ಲಕ್ಕ. ಮೂಗು ಸೋರುತ್ತಿತ್ತು, ಒಂದು ಗಲ್ಲದೊಳಗೆ ಬೆಲ್ಲದ ಹೆಂಟೆಯಿತ್ತು.

ಗೊತ್ತಿಲ್ಲದ ಇನ್ನರ್ಧವನ್ನು ಬಲ್ಲವರು ಇಬ್ಬರೇ. ವಾಡೆಯ ಹಿತ್ತಿಲಲ್ಲಿ ಬೇಟೆನಾಯಿ ಅದೇ ಬೆಳಿಗ್ಗೆ ಮರಿ ಹಾಕಿತ್ತು. ಪರದೆಯೊಳಗೆ ಒಬ್ಬನೇ ಕೂತು ಬೇಸತ್ತಿದ್ದ ಚಿದಾನಂದ, ಹಿಂದಿನಿಂದ ಇಣುಕಿದ ಯಲ್ಲಕ್ಕನನ್ನು ಒಳಗೆಳೆದ. "ಇಲ್ಲಿ ಕುಂದರು, ನಾಯಿಮರಿ ನೋಡಿ ಹಿಂಗ ಹೋಗಿ ಹಂಗ ಬರ್ತೇನಿ. ಯಾರಿಗೂ ಹೇಳಬ್ಯಾಡ, ಆಣಿ" ಎಂದು ಬೆಲ್ಲ ಕೊಟ್ಟು ಹಿಂಬಾಗಿಲಿನಿಂದ ಓಡಿದ. ನಮ್ಮ ಜನ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲು ಎಸೆಯುತ್ತಾರಲ್ಲ, ಅಂಥ ಟವೆಲು ಅವತ್ತು ಯಲ್ಲಕ್ಕ.

ಹುಡುಗ ಸಿಕ್ಕಾಗ ಉಚ್ಚೆಗೆ ಹೋಗಿದ್ದೆ ಎಂದು ಸುಳ್ಳು ಹೇಳಿದ. ಒಂದಕ್ಕೆ ಹೋಗುವುದು ರಾಜನಿಗೂ ತಪ್ಪಿದ್ದಲ್ಲ, ಹಾಗಾಗಿ ಅವನ ಮೇಲೆ ತಪ್ಪು ನಿಲ್ಲಲಿಲ್ಲ. ಹುಡುಗಿ ಆಟಕ್ಕೆ ಕೂತಳು, ಕೂಸಿಗೇನು ತಿಳಿಯುತ್ತದೆ ಎಂದು ಅವಳನ್ನೂ ಬಿಟ್ಟರು. ಉಳಿದವನು ಸಾಬಣ್ಣ. ದೇಸಾಯರ ಹೆಂಡತಿ ಇಂದ್ರವ್ವ ಮಗನ ಬಿರುದು ಹೋದ ಸಂಕಟದಲ್ಲಿ, "ಕಾಲು ಗುರುತಿಸಲಾರದವಗ ಕೂಗು ಯಾಕ ಬೇಕು? ಇನ್ನ ಈ ಹೊಸ್ತಿಲಾ ತುಳೀಬ್ಯಾಡ" ಎಂದುಬಿಟ್ಟರು. ಸಾಬಣ್ಣ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಸುದ್ದಿ ಕೇಳಿದ ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಸರಕಾರ ದೇಶದ ದೊಡ್ಡ ದೊಡ್ಡ ರಾಜರ ಬಿರುದುಗಳನ್ನೇ ರದ್ದು ಮಾಡಿತು. ಆದರೆ ಗುಳಬಾವಿಯ ಕೂಗನ್ನು ರದ್ದು ಮಾಡುವ ಕಾಯಿದೆ ಎಲ್ಲಿಯೂ ಇರಲಿಲ್ಲ.

ಬಿರುದು ಯಲ್ಲಕ್ಕನಿಗೆ ಅಂಟಿತು. ಸಾಲಿಯ ಮಾಸ್ತರರು ಹಾಜರಿ ಕರೆಯುವಾಗ "ಯುವರಾಜರು ಬಂದಾರೇನು?" ಎಂದು ಕೇಳಿ ತಾವೇ ನಗುತ್ತಿದ್ದರು. ನೀರಿಗೆ ಹೋದರೆ "ಸರೀರೆಬೇ, ಯುವರಾಜರ ಕೊಡ ಮೊದಲ" ಎಂದು ಹೆಂಗಸರು ಕಾಡುತ್ತಿದ್ದರು. ನೋಡಲು ಬಂದ ಗಂಡಿನವರಲ್ಲಿ ಒಬ್ಬರು ಈ ಹೆಸರು ಕೇಳಿಯೇ ಚಹಾ ಕುಡಿಯದೆ ಎದ್ದುಹೋದರು. ಗಲಗಲಿಯ ಮಹಾಲಿಂಗ ಮಾತ್ರ ಅವಲಕ್ಕಿಯ ತಟ್ಟೆ ಖಾಲಿ ಮಾಡಿ, "ನಮ್ಮ ಮನ್ಯಾಗ ಸಿಂಹಾಸನ ಇಲ್ಲ, ಹಗ್ಗದ ಹೊರಸ ಐತಿ. ನಡೀತೈತೇನ ಕೇಳ್ರಿ" ಎಂದ. ಒಳಗಿನಿಂದ ಯಲ್ಲಕ್ಕ ನಕ್ಕದ್ದು ಹೊರಗೆ ಕೇಳಿಸಿತು, ಮದುವೆ ಗೊತ್ತಾಯಿತು.

ಗಲಗಲಿಯಲ್ಲಿ ಚೇಷ್ಟೆ ನಿಧಾನವಾಗಿ ಬೇರೆ ಬಣ್ಣ ಪಡೆಯಿತು. ಒಮ್ಮೆ ಮೋಟರಿನ ನೀರಿನ ಪಾಳಿಗೆ ಇಬ್ಬರು ಅಣ್ಣತಮ್ಮಂದಿರು ಕೊಡಲಿ ಎತ್ತಿ ನಿಂತಾಗ, ಯಾರೋ ತಮಾಷೆಗೆ "ಯುವರಾಜನ ಕೇಳ್ರಲೇ" ಎಂದರು. ಯಲ್ಲಕ್ಕ ಬದನೆಯ ಬುಟ್ಟಿ ಕೆಳಗಿಟ್ಟು ಇಬ್ಬರ ಮಾತನ್ನೂ ಪೂರ್ತಿ ಕೇಳಿದಳು, ಇಬ್ಬರಿಗೂ ಬೈದಳು, ಒಬ್ಬನಿಗೆ ಹಗಲು ಇನ್ನೊಬ್ಬನಿಗೆ ಇರುಳು ಎಂದು ಪಾಳಿ ಹಂಚಿದಳು. ಹಂಚಿಕೆ ನಿಂತಿತು. ಅಲ್ಲಿಂದ ಅತ್ತೆಸೊಸೆಯರು, ಬದುವಿನ ಜಗಳದವರು, ಆಡು ಮೇಯ್ದ ತಂಟೆಯವರು ಆಕೆಯ ಕಟ್ಟೆಗೆ ಬರತೊಡಗಿದರು. ಈಗ ಯುವರಾಜ ಎಂದು ಕರೆಯುವವರು ನಗುವುದಿಲ್ಲ.

ಊರಿಗೆಲ್ಲ ನ್ಯಾಯ ಹೇಳುವ ಈ ಹೆಂಗಸಿಗೆ ಹೇಳಲಾಗದೆ ಉಳಿದದ್ದು ತನ್ನ ಅಣ್ಣನ ನ್ಯಾಯ. ಸಣ್ಣವಳಿದ್ದಾಗ ಆಣೆಗೆ ಹೆದರಿ ಬಾಯಿ ಮುಚ್ಚಿಕೊಂಡಳು. ತಿಳಿವಳಿಕೆ ಬಂದ ಮೇಲೆ ದೇಸಾಯರ ಮಗನ ವಿರುದ್ಧ ತನ್ನ ಮಾತನ್ನು ಯಾರು ನಂಬುತ್ತಾರೆಂದು ಅಳುಕಿದಳು. ಅದಾದ ಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಣ್ಣ ಕೇಳಿದರೆ ಏನನ್ನಲಿ ಎಂಬ ಭಯ ಹತ್ತಿತು. ಮೊದಲ ವರ್ಷ ಆಡದ ಮಾತನ್ನು ಹತ್ತನೆಯ ವರ್ಷ ಆಡುವುದು ಹತ್ತು ಪಟ್ಟು ಕಷ್ಟ. ಅಣ್ಣನೋ, ಅಂದಿನಿಂದ ವಾಡೆಯ ಮುಂದೆ ಹಾಯಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಅರ್ಧ ಮೈಲಿ ಸುತ್ತಿ ಹಳ್ಳದ ದಾರಿ ಹಿಡಿಯುತ್ತಿದ್ದ. ಯಾರಾದರೂ ಯಲ್ಲಕ್ಕನನ್ನು ಯುವರಾಜ ಎಂದರೆ ಎದ್ದು ಹೊರಗೆ ಹೋಗುತ್ತಿದ್ದ. ಆ ಪದ ಅವನ ಬಾಯಿಂದ ಮತ್ತೆ ಬರಲೇ ಇಲ್ಲ. ನನ್ನಿಂದಾಗಿ ನಮ್ಮಣ್ಣ ಬದುಕೆಲ್ಲ ಸುತ್ತುದಾರಿ ನಡೆದ ಎಂಬ ನೋವು ಯಲ್ಲಕ್ಕನ ಜೊತೆಗೇ ಬೆಳೆದು, ಜೊತೆಗೇ ಮುದಿಯಾಯಿತು.

ಈ ಬೇಸಿಗೆಯಲ್ಲಿ ವಾಡೆಯ ಜೀಪು ಗಲಗಲಿಗೆ ಬಂತು. ಅರವತ್ತನಾಲ್ಕರ ಚಿದಾನಂದ ದೇಸಾಯರೇ ಇಳಿದು ಬಂದು ಹೊರಸಿನ ಮೇಲೆ ಕೂತರು. ಕೂದಲು ಬೆಳ್ಳಗಾಗಿದ್ದರೂ ಯಲ್ಲಕ್ಕನ ಮುಂದೆ ಅವರಿಗೆ ಇಂದಿಗೂ ಕಣ್ಣೆತ್ತಿ ಮಾತಾಡಲು ಆಗುವುದಿಲ್ಲ.

"ಅವ್ವಗ ತೊಂಬತ್ತೆರಡು" ಎಂದರು. "ಕಣ್ಣು ಮುಚ್ಚೂದರಾಗ ನನ್ನ ಮೊಮ್ಮಗ ಗುರುಸಿದ್ದ ಕಂಬಳಿ ಮ್ಯಾಲೆ ಕುಂತದ್ದು ನೋಡಬೇಕಂತ ಹಟ ಹಿಡದಾಳ. ನನ್ನ ಮಗನ ಕಾಲಕ್ಕ ನಾನ ಬ್ಯಾಡ ಅಂದು ತಪ್ಪಿಸಿದ್ದೆ. ಈಗ ಅಕಿ ಕೇಳವಲ್ಲಳು. ಹಿಂದಿನ ಯುವರಾಜ ಕಂಬಳಿ ಮ್ಯಾಲಿಂದ ಎದ್ದ ಮ್ಯಾಲೇನ ಮುಂದಿನವರು ಕುಂದರಬೇಕು, ಪದ್ಧತಿ ನಿನಗ ಗೊತ್ತೈತಿ. ನಾಡಿದ್ದ ಐತಿ, ನೀ ಬರಬೇಕವ್ವಾ."

"ನಾ ಬರ್ತೇನ್ರಿ ಧಣ್ಯಾರ. ಕೂಗವರು ಯಾರು?"

"ಸಾಬಣ್ಣನ ಕೇಳಿಸಿದೆ. ನನ್ನ ನಾಲಿಗಿಗೆ ಆ ಯೋಗ್ಯತಾ ಇಲ್ಲ ಅಂತ ಹೇಳಿ ಕಳಿಸ್ಯಾನ. ಮಕ್ಕಳಿಗೂ ಹೋಗಬ್ಯಾಡ ಅಂದಾನಂತ. ಲೋಕಾಪುರದಿಂದ ಮೈಕ್‌ನ್ಯಾಗ ಮಾತಾಡೋ ಒಬ್ಬವನ್ನ ಕರಸೋಣ ಅಂತ ನಮ್ಮ ಹುಡುಗರು ಅಂತಾರ."

ಯಲ್ಲಕ್ಕನ ಮೈ ಉರಿಯಿತು. ಏಳು ತಲೆಮಾರಿನ ಮಾನ ಬಾಡಿಗೆ ಬಾಯಿಗೆ ಹೋದರೆ ಮತ್ತೆ ಮನೆಗೆ ಬರುವುದುಂಟೆ? ಅಣ್ಣನಿಗೆ ಎಪ್ಪತ್ತನಾಲ್ಕು. ಈ ಸಲ ಕೂಗದಿದ್ದರೆ ಆತ ತಪ್ಪಿತಸ್ಥನಾಗಿಯೇ ಮಣ್ಣಿಗೆ ಹೋಗುತ್ತಾನೆ.

"ಖರೆ ಸಂಗತಿ ಅಂವಗ ಹೇಳಲೇನ್ರಿ?" ಎಂದು ನೇರವಾಗಿ ಕೇಳಿದಳು.

ದೇಸಾಯರು ಅಂಗಳದ ಕೋಳಿಗಳ ಕಡೆ ಮುಖ ತಿರುಗಿಸಿದರು. "ಒಂಬತ್ತು ವರ್ಷದಾಂವ ಇದ್ದಾಗ ಹೆದರಿಕಿ ಇತ್ತು. ದೊಡ್ಡಾವಾದ ಮ್ಯಾಲೆ ನಾಚಿಕಿ ಬಂತು. ಸಾಬಣ್ಣನ ಮುಂದ ಹೇಳು, ನನ್ನ ಹೆಸರ ಹೇಳೇ ಹೇಳು. ಅವ್ವನ ಕಿವಿಗೆ ಮಾತ್ರ ಹಾಕಬ್ಯಾಡ. ಈ ವಯಸ್ಸಿನ್ಯಾಗ ಅಕಿ ಅದನ್ನ ತಡಕೊಳ್ಳೂದಿಲ್ಲ" ಎಂದರು. ಕೆಟ್ಟ ಮನುಷ್ಯನಲ್ಲ ಅವರು. ಒಂದು ಸುಳ್ಳನ್ನು ಇಳಿಸಲು ಜಾಗ ಸಿಗದೆ ಬದುಕೆಲ್ಲ ಹೊತ್ತುಕೊಂಡು ತಿರುಗಿದವರು.

ಮರುದಿನ ಊಟವಾದ ಕೂಡಲೆ ಯಲ್ಲಕ್ಕ ಗುಳಬಾವಿಗೆ ಹೊರಟಳು. "ಬೈದರ ಬೈಸ್ಕೊಂಡು ಬಾ, ಯುವರಾಜರಿಗೂ ಒಮ್ಮೊಮ್ಮೆ ಬೈಗಳ ಬೀಳಬೇಕು" ಎಂದು ಮಹಾಲಿಂಗ ಬುಟ್ಟಿಗೆ ಹತ್ತು ಬದನೆಕಾಯಿ ತುಂಬಿ ಟಂಟಂ ಹತ್ತಿಸಿದ. ದಾರಿಯುದ್ದಕ್ಕೂ ಆಕೆ ಮೊದಲ ಮಾತನ್ನು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಸಾಬಣ್ಣ ಊರ ಹೊರಗಿನ ಕುರಿಹಟ್ಟಿಯಲ್ಲಿ ಬೇವಿನ ನೆರಳಿಗೆ ಕೂತು ಉಣ್ಣೆ ಹಿಂಜುತ್ತಿದ್ದ. ತಂಗಿಯನ್ನು ಕಂಡು, "ಬಾರಬೇ ಯಲ್ಲಿ. ಈ ಬಿಸಿಲಾಗ ಯಾಕ ಬಂದಿ, ಮೊಣಕಾಲು ಹ್ಯಾಂಗೈತಿ?" ಎಂದು ತಂಬಿಗೆ ನೀರು ಮುಂದಿಟ್ಟ. ಆಕೆ ನೀರು ಮುಟ್ಟಲಿಲ್ಲ. ಕೂಡಲೂ ಇಲ್ಲ. ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದಳು. ನಾಯಿಮರಿ ಹೇಳಿದಳು, ಬೆಲ್ಲ ಹೇಳಿದಳು, ಆಣೆ ಹೇಳಿದಳು, ಚಿದಾನಂದ ದೇಸಾಯರ ಹೆಸರನ್ನೂ ಹೇಳಿದಳು. ಕಟ್ಟಿಕೊಂಡು ಬಂದ ಮಾತೊಂದೂ ನೆನಪಿಗೆ ಬರಲಿಲ್ಲ, ಐದು ವರ್ಷದವಳು ಹೇಳಿದಂತೆ ಹೇಳಿದಳು.

"ತಪ್ಪ ನಿಂದಲ್ಲ ಯಣ್ಣಾ. ನನಗ ಮೊದಲಿಂದ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅಪ್ಪ ಅದ ಸಂಕಟದಾಗ ಸತ್ತ. ನೀ ಹಳ್ಳದ ದಾರಿ ಹಿಡದಿ. ನನಗ ಏನ ಶಿಕ್ಷಾ ಕೊಡ್ತೀ ಕೊಡು, ಆದ್ರ ನಮ್ಮ ಮನಿ ಮಾನ ಬ್ಯಾರೆಯವರ ಬಾಯಿಗೆ ಬಿಡಬ್ಯಾಡ."

ಸಾಬಣ್ಣ ಹಿಂಜುವುದನ್ನು ನಿಲ್ಲಿಸಿದ. ಯಲ್ಲಕ್ಕ ಬೈಗಳಕ್ಕೆ ಕಾದಳು. ಹೊಡೆದರೂ ಸರಿ ಎನಿಸಿತ್ತು. ಆತ ಉಣ್ಣೆಯ ಉಂಡೆಯನ್ನು ಬದಿಗಿಟ್ಟು, ಮೊದಲ ಬಾರಿಗೆ ನೋಡುವವನಂತೆ ಆಕೆಯನ್ನು ನೋಡಿದ.

"ಇದನ್ನ ಹೊತಗೊಂಡು ತಿರಗಿದೇನಬೇ ಇಷ್ಟು ವರ್ಷ? ಹುಚ್ಚಿ" ಎಂದ. "ಕುಂದರು. ನಾಯಿಮರಿ ಸುದ್ದಿ ನನಗ ಗೊತ್ತಿರಲಿಲ್ಲ. ಆದ್ರ ಪರದೆದೊಳಗ ಕುಂತಾಕಿ ನೀನ ಅಂತ ಗೊತ್ತಿತ್ತು."

ಯಲ್ಲಕ್ಕನಿಗೆ ಅರ್ಥವಾಗಲಿಲ್ಲ.

"ನಿನ್ನ ಕಾಲು ನನಗ ತಿಳಿಯಂಗಿಲ್ಲೇನ? ಅವ್ವ ಸತ್ತ ಮ್ಯಾಲೆ ನಿನ್ನ ಎತ್ತಿ ಆಡಿಸಿದಾಂವ ನಾನು. ಹಿಂದಿನ ದಿನಾನ ನಿನ್ನ ಹಿಮ್ಮಡ್ಯಾಗಿಂದ ಜಾಲಿಮುಳ್ಳ ತಗದು ಅರಿಶಿಣ ಹಚ್ಚಿದ್ದೆ. ಪರದೆ ಎತ್ತಿದೆ. ಧಣ್ಯಾರ ಮಗನ ಬೆಣ್ಣಿಯಂಥ ಕಾಲ ಇರಬೇಕಾದಲ್ಲೆ ಅರಿಶಿಣ ಹಚ್ಚಿದ ಒಡಕ ಹಿಮ್ಮಡಿ ಇತ್ತು."

"ಹಂಗಾರ ಯಾಕ ಕೂಗಿದಿ?"

ಕುರಿಯೊಂದು ಬಂದು ಬುಟ್ಟಿಯ ಬದನೆಕಾಯಿಗೆ ಬಾಯಿ ಹಾಕಿತು, ಸಾಬಣ್ಣ ಅದನ್ನು ಓಡಿಸಲಿಲ್ಲ.

"ಪರದೆ ಇಳಸಿ 'ಮಗು ಬದಲಾಗೈತಿ' ಅಂದಿದ್ರ ಮುಗದ ಹೋಗಿತ್ತು. ಅನ್ನಬೇಕಂತ ಬಾಯೂ ತಗದೆ. ಅಪ್ಪ ಕೂಗ್ಯಾನ, ಮುತ್ಯಾ ಕೂಗ್ಯಾನ, ಏಳು ತಲಿಯಿಂದ ಮಂದಿ ಮಕ್ಕಳನ್ನ ದೊಡ್ಡವರ ಮಾಡಿ ಕಳಿಸೇವಿ. ಕಂಬಳಿ ನಮ್ಮದು, ಕೂಗು ನಮ್ಮದು, ಅದರ ಮ್ಯಾಲೆ ನಮ್ಮ ಮನಿ ಕೂಸ ಒಂದರ ಕುಂತಿತ್ತೇನ? ನೀ ಕುಂತಿದ್ದಿ. ತಾಯಿಲ್ಲದ ಕೂಸು. ನನ್ನ ಬಾಯಾಗ ಬ್ಯಾರೆ ಮಾತ ಬರಲಿಲ್ಲ."

ಆತ ಉಣ್ಣೆಯ ಉಂಡೆಯನ್ನು ಮತ್ತೆ ಕೈಗೆತ್ತಿಕೊಂಡ. "ತಪ್ಪಿ ಕೂಗಿದವ ಅಂತ ಮಂದಿ ಅಂದ್ರು. ತಪ್ಪಿ ಕೂಗಲಿಲ್ಲ, ತಿಳದ ಕೂಗಿದೆ. ಅದಕ್ಕ ವಾಡೆದ ಮುಂದ ಹಾಯಲಿಲ್ಲ, ಅವರ ಅನ್ನಕ್ಕ ಎರಡ ಬಗದವ ನಾನು. ನಿನ್ನ ಆ ಹೆಸರಲೆ ಚ್ಯಾಷ್ಟಿ ಮಾಡಿದಾಗೆಲ್ಲ ಎದ್ದ ಹೋಗತಿದ್ದೆ. ನನ್ನ ಆಶಾಕ್ಕ ಕೂಸಿನ ಬಾಳೇವ ಹಾಳ ಮಾಡಿದ್ನಲ್ಲಾ ಅಂತ ಅನಸತಿತ್ತು. ನಾಲಿಗಿಗೆ ಯೋಗ್ಯತಾ ಇಲ್ಲಂತ ಹೇಳಿ ಕಳಿಸಿದ್ದು ಅದಕ್ಕ."

ಯಲ್ಲಕ್ಕ ನೆಲದ ಮೇಲೆ ಕುಕ್ಕರಿಸಿದಳು. ಇಷ್ಟು ವರ್ಷ ಅಣ್ಣನಿಗೆ ತಾನು ಅನ್ಯಾಯ ಮಾಡಿದೆನೆಂದು ಆಕೆ, ತಂಗಿಗೆ ತಾನು ಅನ್ಯಾಯ ಮಾಡಿದೆನೆಂದು ಆತ. ಹಬ್ಬಕ್ಕೆ ಸೇರಿದಾಗ ಒಂದೇ ತಟ್ಟೆಯಲ್ಲಿ ಉಂಡವರು ಈ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಆಡಿದ್ದರು. ಆಕೆಗೆ ಅಳು ಬಂತು, ಸಿಟ್ಟೂ ಬಂತು. ಗಲಗಲಿಯ ಕಟ್ಟೆಯ ಮೇಲೆ ಬೇರೆಯವರಿಗೆ ಬೈಯುವಂತೆ ಬೈದಳು.

"ಬಾಳೇವ ಹಾಳಾತಂತ ಯಾರ ಹೇಳಿದ್ರು ನಿನಗ? ಗಲಗಲಿಗೆ ಬಂದು ಕೇಳು. ನಾ ಹೇಳಿದ್ದ ಮಾತ ನಾಕ ಮಂದಿ ಕೇಳತಾರ. ಸಣ್ಣಾಕಿ ಇದ್ದಾಗ ಅತ್ತೇನಿ, ಖರೆ. ಆದ್ರ ಮಂದಿ ಕರದ ಕರದ ನಾನೂ ಆ ಹೆಸರಿಗೆ ತಕ್ಕಂಗ ಬಾಳಬೇಕಂತ ಕಲತೆ. ನೀ ಕೊಟ್ಟದ್ದ ವ್ಯರ್ಥ ಆಗಿಲ್ಲ ಯಣ್ಣಾ. ಧಣ್ಯಾರ ಮಗಾ ತಾನ ಬಿಟ್ಟ ಓಡಿ ಹೋದ ಜಾಗಾ ಅದು. ನೀ ಯಾರದೂ ಕಸಗೊಂಡಿಲ್ಲ."

ಸಾಬಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಕಸಿದುಕೊಂಡವನಲ್ಲ ಎಂಬ ಮಾತು ಆತನ ಒಳಗೆ ಇಳಿಯಲು ಹೊತ್ತು ಬೇಕಿತ್ತು. ಯಲ್ಲಕ್ಕ ಅಷ್ಟು ಹೊತ್ತೂ ಕಾದಳು, ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ನಾಳೆ ನಾ ಕಂಬಳಿ ಮ್ಯಾಲಿಂದ ಎದ್ದೆ ಅಂದ್ರ ಬರೇ ಯಲ್ಲಿ. ಇವತ್ತಿನ ಮಟ್ಟಿಗೆ ಇನ್ನೂ ಯುವರಾಜ ಅದೇನಿ. ಇಷ್ಟ ವರ್ಷದಾಗ ನನ್ನ ಬಾಯಿಲೆ ನಾ ಅದನ್ನ ಒಮ್ಮಿನೂ ಅಂದಿಲ್ಲ, ಈಗ ಅಂತೇನಿ. ಯುವರಾಜ ಹೇಳಾಕತ್ತೇನಿ ಕೇಳು. ನಾಳೆ ವಾಡೇಕ ನೀನ ಬರಬೇಕು, ನೀನ ಕೂಗಬೇಕು. ಹಳ್ಳದ ದಾರಿಲೆ ಅಲ್ಲ, ಮುಂದಿನ ದಾರಿಲೆ."

ಎಪ್ಪತ್ತನಾಲ್ಕರ ಮುದುಕ ಅಷ್ಟು ಸಣ್ಣ ತಂಗಿಯ ಮುಂದೆ ಮೆಲ್ಲಗೆ ಎದ್ದು ನಿಂತ. ಸೊಂಟ ನೇರವಾಗಲು ತುಸು ಸಮಯ ಹಿಡಿಯಿತು. ರುಮಾಲು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿದ.

"ಆತ್ರಿ ಯುವರಾಜರ" ಎಂದ. "ಬರ್ತೇನ್ರಿ."